ಹೆಣ್ಣು ಯಾರು, ಗಂಡು ಯಾರು: ಕೋರ್ಟಿನಿಂದ ಓಟದ ಮೈದಾನದವರೆಗೆ ಒಂದು ಜಗಳ

2014ರ ಏಪ್ರಿಲ್ 15ರಂದು ದೆಹಲಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ತಾನು ಹೆಣ್ಣೋ, ಗಂಡೋ, ತೃತೀಯ ಲಿಂಗಿಯೋ ಎಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಗೇ ಸೇರಿದ್ದು, ಅದಕ್ಕೆ ಆಪರೇಷನ್ ಆಗಿರಲೇಬೇಕು ಎಂದು ಯಾರೂ ಪಟ್ಟು ಹಿಡಿಯುವಂತಿಲ್ಲ ಎಂದಿತು. ಹನ್ನೊಂದು ವರ್ಷ ಕಳೆದು, 2025ರ ಏಪ್ರಿಲ್ 16ರಂದು, ಲಂಡನ್ನಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿತು. ಅಲ್ಲಿನ 2010ರ ಸಮಾನತೆ ಕಾಯ್ದೆಯಲ್ಲಿ ‘ಮಹಿಳೆ’ ಅಂದರೆ ಹೆಣ್ಣು ದೇಹದೊಂದಿಗೆ ಹುಟ್ಟಿದವರು ಎಂದೇ ಅರ್ಥ ಎಂದಿತು. ಐವರು ನ್ಯಾಯಮೂರ್ತಿಗಳು, ಒಬ್ಬರದ್ದೂ ಭಿನ್ನಮತ ಇರಲಿಲ್ಲ.

ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದು ಸರಿ ಇದ್ದರೆ ಇನ್ನೊಂದು ತಪ್ಪಿರಬೇಕು ಅನ್ನಿಸುತ್ತದೆ. ಈ ವಿಷಯದ ಮಾತೆಲ್ಲ ನಡೆಯುವುದೂ ಹೀಗೆಯೇ. ಒಬ್ಬರು ‘ದೇಹ ಸುಳ್ಳು ಹೇಳಲ್ಲ’ ಅಂತಾರೆ. ಇನ್ನೊಬ್ಬರು ‘ನಾನು ಯಾರು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?’ ಅಂತಾರೆ. ಅಲ್ಲಿಗೆ ಮಾತು ನಿಂತು ಬೈಗುಳ ಶುರು. ನನಗೆ ಕಾಣುವುದು ಬೇರೆ. ಆ ಎರಡು ಕೋರ್ಟುಗಳ ಮುಂದೆ ಬಂದ ಪ್ರಶ್ನೆಗಳೇ ಬೇರೆ ಬೇರೆ. ಎಲ್ಲಿ, ಯಾತಕ್ಕೆ, ಏನು ಕೇಳುತ್ತಿದ್ದೇವೆ ಅಂತ ಬಿಡಿಸಿ ನೋಡಿದರೆ ಜಗಳದ ಅರ್ಧ ಭಾಗ ಅಲ್ಲೇ ಇಳಿದುಹೋಗುತ್ತದೆ. ಉಳಿದ ಅರ್ಧ ಮಾತ್ರ ನಿಜಕ್ಕೂ ಕಷ್ಟದ್ದು.

ಮೊದಲು ಮಾತುಗಳನ್ನು ಗೊತ್ತುಮಾಡಿಕೊಳ್ಳೋಣ. ಜೈವಿಕ ಲಿಂಗ ದೇಹಕ್ಕೆ ಸೇರಿದ್ದು: ಕ್ರೋಮೋಸೋಮ್, ಅಂಡಾಶಯ ಅಥವಾ ವೃಷಣ, ಹಾರ್ಮೋನ್, ಜನನಾಂಗ. ಲಿಂಗ ಗುರುತು ಅಂದರೆ ‘ನಾನು ಹೆಣ್ಣು’, ‘ನಾನು ಗಂಡು’, ‘ನಾನು ಎರಡೂ ಅಲ್ಲ’ ಎಂದು ಒಬ್ಬರಿಗೆ ಒಳಗಿನಿಂದ ಅನ್ನಿಸುವುದು. ಹೆಚ್ಚಿನವರಲ್ಲಿ ಇವೆರಡೂ ಹೊಂದಿಕೊಂಡೇ ಇರುತ್ತವೆ. ಹಾಗಾಗಿ ಎರಡು ಇವೆ ಅನ್ನುವುದೇ ಗಮನಕ್ಕೆ ಬರುವುದಿಲ್ಲ. ಹುಟ್ಟಿದಾಗ ಗಂಡು ಅಂತ ಬರೆಸಿಕೊಂಡು, ಮುಂದೆ ಹೆಣ್ಣಾಗಿ ಗುರುತಿಸಿಕೊಂಡವರು ಟ್ರಾನ್ಸ್ ಮಹಿಳೆ. ಹೆಣ್ಣು ಅಂತ ಬರೆಸಿಕೊಂಡು ಗಂಡಾಗಿ ಗುರುತಿಸಿಕೊಂಡವರು ಟ್ರಾನ್ಸ್ ಪುರುಷ. ಇವರಲ್ಲದೆ, ದೇಹದ ರಚನೆಯೇ ಮಾಮೂಲಿ ಹೆಣ್ಣಿನ ಹಾಗೆ ಅಥವಾ ಗಂಡಿನ ಹಾಗೆ ಬೆಳೆಯದೆ ಹುಟ್ಟುವವರೂ ಇದ್ದಾರೆ. ಅವರನ್ನು ಅಂತರಲಿಂಗಿಗಳು ಎನ್ನುತ್ತಾರೆ. ಟ್ರಾನ್ಸ್ ಮತ್ತು ಅಂತರಲಿಂಗಿ, ಈ ಎರಡನ್ನೂ ಒಂದೇ ಅಂತ ಕಲಸಿಬಿಡುವುದು ಪೇಪರು, ಟೀವಿಗಳಲ್ಲೂ ಕಾಣುವ ತಪ್ಪು. ಮೈದಾನದ ಕಥೆಗೆ ಬಂದಾಗ ಇದು ಎಷ್ಟು ದುಬಾರಿ ತಪ್ಪು ಅಂತ ಗೊತ್ತಾಗುತ್ತದೆ.

ದೇಹ ಏನು ಹೇಳುತ್ತದೆ

ಮಗು ಹುಟ್ಟಬೇಕಾದರೆ ಎರಡು ಬಗೆಯ ಜೀವಕೋಶ ಸೇರಬೇಕು. ಒಂದು ದೊಡ್ಡದು, ಅಂಡಾಣು. ಇನ್ನೊಂದು ತೀರಾ ಚಿಕ್ಕದು, ವೀರ್ಯಾಣು. ಮೂರನೆಯ ಬಗೆ ಮನುಷ್ಯರಲ್ಲಿ ಇಲ್ಲ. ‘ಲಿಂಗ ಎರಡೇ’ ಎನ್ನುವ ಜೀವಶಾಸ್ತ್ರಜ್ಞರು ಇದನ್ನೇ ಆಧಾರವಾಗಿ ಹಿಡಿಯುತ್ತಾರೆ. ಆ ಮಟ್ಟಿಗೆ ಅವರ ಮಾತು ಗಟ್ಟಿ.

ಆದರೆ ದೇಹ ಹೆಣ್ಣಾಗಿಯೋ ಗಂಡಾಗಿಯೋ ಬೆಳೆಯುವುದು ಒಂದೇ ಏಟಿಗೆ ಅಲ್ಲ. ಗರ್ಭದಲ್ಲಿ ಮೊದಲ ಆರು ವಾರ ಎರಡೂ ಭ್ರೂಣಗಳು ಒಂದೇ ಥರ ಕಾಣುತ್ತವೆ. ಆಮೇಲೆ ವೈ ಕ್ರೋಮೋಸೋಮಿನ ಮೇಲೆ ಕೂತಿರುವ ಎಸ್‌ಆರ್‌ವೈ ಎಂಬ ಜೀನ್ ಕೆಲಸ ಶುರುಮಾಡಿದರೆ ವೃಷಣ ಬೆಳೆಯುತ್ತದೆ. ಈ ಜೀನ್ ಪತ್ತೆಯಾದದ್ದು 1990ರಲ್ಲಿ. ವೃಷಣ ಟೆಸ್ಟೋಸ್ಟೆರಾನ್ ಬಿಡುಗಡೆ ಮಾಡುತ್ತದೆ. ಜೀವಕೋಶಗಳು ಆ ಹಾರ್ಮೋನಿಗೆ ಓಗೊಟ್ಟರೆ ದೇಹ ಗಂಡಿನ ಕಡೆಗೆ ಸಾಗುತ್ತದೆ. ಇಷ್ಟು ಹಂತಗಳಲ್ಲಿ ಎಲ್ಲಿ ಬೇಕಾದರೂ ದಾರಿ ಸ್ವಲ್ಪ ತಿರುಗಬಹುದು.

ಕೆಲವರಿಗೆ ಎಕ್ಸ್‌ವೈ ಕ್ರೋಮೋಸೋಮ್ ಇರುತ್ತದೆ, ಒಳಗೆ ವೃಷಣವೂ ಇರುತ್ತದೆ, ಟೆಸ್ಟೋಸ್ಟೆರಾನ್ ಕೂಡ ತಯಾರಾಗುತ್ತದೆ. ಆದರೆ ಜೀವಕೋಶಗಳಿಗೆ ಆ ಹಾರ್ಮೋನನ್ನು ಹಿಡಿಯುವ ಶಕ್ತಿ ಇರುವುದಿಲ್ಲ. ಇಂಥ ಮಗು ಹೆಣ್ಣಾಗಿ ಹುಟ್ಟುತ್ತದೆ, ಹೆಣ್ಣಾಗಿ ಬೆಳೆಯುತ್ತದೆ. ವಯಸ್ಸಿಗೆ ಬಂದರೂ ಮುಟ್ಟಾಗಲಿಲ್ಲ ಅಂತ ಡಾಕ್ಟರ ಹತ್ತಿರ ಹೋದಾಗಲೇ ಎಷ್ಟೋ ಸಲ ವಿಷಯ ಗೊತ್ತಾಗುವುದು. ಇದಕ್ಕೆ ತದ್ವಿರುದ್ಧದ್ದೂ ಇದೆ. ಕೆರಿಬಿಯನ್ನಿನ ಡೊಮಿನಿಕನ್ ರಿಪಬ್ಲಿಕ್‌ನ ಕೆಲವು ಹಳ್ಳಿಗಳಲ್ಲಿ, ಹುಟ್ಟುವಾಗ ಹೆಣ್ಣಿನಂತೆ ಕಂಡ ಮಕ್ಕಳು ಪ್ರಾಯಕ್ಕೆ ಬರುವಾಗ ಗಂಡಾಗಿ ಬದಲಾಗುವುದನ್ನು ವೈದ್ಯರು 1974ರಲ್ಲಿ ದಾಖಲಿಸಿದರು. ಟೆಸ್ಟೋಸ್ಟೆರಾನನ್ನು ಇನ್ನೂ ತೀಕ್ಷ್ಣವಾದ ರೂಪಕ್ಕೆ ತಿರುಗಿಸುವ ಒಂದು ಕಿಣ್ವ ಇವರಲ್ಲಿ ಕಡಿಮೆ. ಗರ್ಭದಲ್ಲಿ ಆಗಬೇಕಾದದ್ದು ಆಗಿರುವುದಿಲ್ಲ. ಹದಿಹರೆಯದಲ್ಲಿ ಹಾರ್ಮೋನಿನ ಅಲೆ ಎದ್ದಾಗ ಆಗುತ್ತದೆ.

ಇಂಥವರು ಎಷ್ಟು ಜನ? ಇಲ್ಲೊಂದು ತಮಾಷೆ ಇದೆ. ಅಮೆರಿಕದ ಜೀವಶಾಸ್ತ್ರಜ್ಞೆ ಆನ್ ಫಾಸ್ಟೊ-ಸ್ಟರ್ಲಿಂಗ್ 2000ದ ಹೊತ್ತಿಗೆ ಜನಪ್ರಿಯಗೊಳಿಸಿದ ಲೆಕ್ಕ ಶೇ 1.7. ಅದೇ ದೇಶದ ವೈದ್ಯ ಲೆನರ್ಡ್ ಸ್ಯಾಕ್ಸ್ 2002ರಲ್ಲಿ ಕೊಟ್ಟ ಲೆಕ್ಕ ಶೇ 0.018. ನೂರು ಪಟ್ಟಿಗೂ ಹತ್ತಿರದ ವ್ಯತ್ಯಾಸ! ಯಾರೂ ಸುಳ್ಳು ಹೇಳಿಲ್ಲ. ಯಾರನ್ನು ಎಣಿಸಬೇಕು ಅನ್ನುವುದರಲ್ಲೇ ವ್ಯತ್ಯಾಸ. ಮೊದಲ ಲೆಕ್ಕದ ಬಹುಪಾಲು ಒಂದು ಬಗೆಯ ಅಡ್ರಿನಲ್ ಗ್ರಂಥಿಯ ಏರುಪೇರಿನವರು. ಅವರ ದೇಹ ನೋಡಿದರೆ ಹೆಣ್ಣೋ ಗಂಡೋ ಎಂಬ ಅನುಮಾನವೇ ಬರುವುದಿಲ್ಲ. ಎರಡನೆಯವರು ನಿಜಕ್ಕೂ ಅನುಮಾನ ಬರುವವರನ್ನು, ಅಥವಾ ಕ್ರೋಮೋಸೋಮ್ ಒಂದು, ದೇಹ ಇನ್ನೊಂದು ಆಗಿರುವವರನ್ನು ಮಾತ್ರ ಎಣಿಸಿದರು. ವಾದ ಮಾಡುವವರು ತಮಗೆ ಬೇಕಾದ ಸಂಖ್ಯೆಯನ್ನು ಎತ್ತಿಕೊಂಡು ಹೋಗುತ್ತಾರೆ, ಅಷ್ಟೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು. ಅಂತರಲಿಂಗಿಗಳು ಇದ್ದಾರೆ ಅನ್ನುವುದರಿಂದ ಟ್ರಾನ್ಸ್ ಜನರ ವಾದ ಗೆದ್ದ ಹಾಗಾಗುವುದಿಲ್ಲ, ಸೋತ ಹಾಗೂ ಆಗುವುದಿಲ್ಲ. ಹೆಚ್ಚಿನ ಟ್ರಾನ್ಸ್ ಜನರ ದೇಹ ಹುಟ್ಟಿನಲ್ಲಿ ಮಾಮೂಲಿಯೇ. ಅವರ ಪ್ರಶ್ನೆ ದೇಹದ ರಚನೆಯದ್ದಲ್ಲ.

ಮನಸ್ಸಿನ ಗುರುತು ಎಲ್ಲಿಂದ ಬರುತ್ತದೆ

ಕೆನಡಾದ ವಿನ್ನಿಪೆಗ್‌ನಲ್ಲಿ 1965ರಲ್ಲಿ ಅವಳಿ ಗಂಡುಮಕ್ಕಳು ಹುಟ್ಟಿದರು. ಮುಂದೊಗಲು ತೆಗೆಯುವಾಗ ಆದ ಅನಾಹುತದಲ್ಲಿ ಒಬ್ಬನ ಶಿಶ್ನ ಸುಟ್ಟುಹೋಯಿತು. ಬಾಲ್ಟಿಮೋರ್‌ನ ಮನಶ್ಶಾಸ್ತ್ರಜ್ಞ ಜಾನ್ ಮನಿ ಆಗ ಹೆಸರು ಮಾಡುತ್ತಿದ್ದ ಕಾಲ. ಹೆಣ್ಣು ಗಂಡಿನ ಭಾವ ಬೆಳೆಸುವುದರಿಂದ ಬರುತ್ತದೆ ಎನ್ನುವುದು ಅವರ ನಂಬಿಕೆ. ಅವರ ಸಲಹೆಯಂತೆ ಮಗುವಿಗೆ ಆಪರೇಷನ್ ಮಾಡಿಸಿ, ಹೆಣ್ಣಿನ ಹೆಸರಿಟ್ಟು, ಫ್ರಾಕ್ ಹಾಕಿ ಬೆಳೆಸಿದರು. ಮಗುವಿಗೆ ಅದು ಒಗ್ಗಲೇ ಇಲ್ಲ. ಹದಿನಾಲ್ಕನೇ ವಯಸ್ಸಿನಲ್ಲಿ ನಿಜ ತಿಳಿದ ಮೇಲೆ ಆ ಹುಡುಗ ಡೇವಿಡ್ ಎಂದು ಹೆಸರಿಟ್ಟುಕೊಂಡು ಗಂಡಾಗಿ ಬದುಕಿದ. 1997ರಲ್ಲಿ ಪ್ರಕರಣದ ನಿಜ ವೈದ್ಯಕೀಯ ಲೋಕಕ್ಕೆ ಗೊತ್ತಾಯಿತು. 2004ರಲ್ಲಿ ಡೇವಿಡ್ ರೀಮರ್ ಆತ್ಮಹತ್ಯೆ ಮಾಡಿಕೊಂಡರು.

ಈ ಪ್ರಕರಣವನ್ನು ಎರಡೂ ಕಡೆಯವರು ತಮ್ಮ ಸಾಕ್ಷಿ ಎನ್ನುತ್ತಾರೆ. ‘ನೋಡಿ, ದೇಹವೇ ಗೆದ್ದಿತು, ಹೆಸರು ಬಟ್ಟೆ ಬದಲಿಸಿದರೆ ಗಂಡು ಹೆಣ್ಣಾಗಲ್ಲ’ ಎಂದು ಒಬ್ಬರು. ‘ನೋಡಿ, ಒಳಗಿನ ಗುರುತು ಎಷ್ಟು ಆಳದ್ದು, ಮನೆಯವರೆಲ್ಲ ಸೇರಿ ಹೇರಿದರೂ ಅಳಿಸಲು ಆಗಲಿಲ್ಲ’ ಎಂದು ಇನ್ನೊಬ್ಬರು. ಒಂದೇ ಒಂದು ಜೀವದ ಕಥೆಯಿಂದ ಇಷ್ಟು ದೊಡ್ಡ ತೀರ್ಮಾನ ಮಾಡಬಾರದು, ನಿಜ. ಆದರೂ ನನಗೆ ಒಂದು ಮಾತು ಸ್ಪಷ್ಟವಾಗಿ ಕಾಣುತ್ತದೆ. ಗುರುತನ್ನು ಹೊರಗಿನಿಂದ ತುಂಬಲು ಆಗುವುದಿಲ್ಲ. ‘ಫ್ಯಾಷನ್ನಿಗೆ ಹೀಗಾಡ್ತಾರೆ’ ಎನ್ನುವವರೂ ‘ಎರಡೇಟು ಕೊಟ್ಟರೆ ಸರಿಹೋಗ್ತಾರೆ’ ಎನ್ನುವವರೂ ಈ ಕಥೆ ಒಮ್ಮೆ ಓದಬೇಕು.

ಗುರುತಿನ ಮೂಲ ಜೀನೇ, ಗರ್ಭದ ಹಾರ್ಮೋನೇ, ಬಾಲ್ಯವೇ ಎಂದು ಬೆರಳಿಟ್ಟು ತೋರಿಸುವ ಪರೀಕ್ಷೆ ಇವತ್ತಿಗೂ ಇಲ್ಲ. ರಕ್ತ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ, 2022ರಲ್ಲಿ ಜಾರಿಗೆ ಬಂದ ರೋಗಗಳ ಪಟ್ಟಿಯಲ್ಲಿ, ದೇಹಕ್ಕೂ ಗುರುತಿಗೂ ಹೊಂದಿಕೆಯಾಗದ ಸ್ಥಿತಿಯನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿತು. ಕಾಯಿಲೆ ಎಂಬ ಹಣೆಪಟ್ಟಿ ಹೋಗಬೇಕು, ಆದರೆ ಚಿಕಿತ್ಸೆ ಬೇಕಾದವರಿಗೆ ಸಿಗಬೇಕು ಎಂಬ ಉಪಾಯ ಅದು.

ಹಾಗಾದರೆ ಯಾವುದಕ್ಕೆ ಬೆಲೆ ಕೊಡಬೇಕು? ದೇಹಕ್ಕೆ ಒತ್ತು ಕೊಡುವ ಮಹಿಳಾವಾದಿಗಳ ಮಾತನ್ನು ನಮ್ಮ ನೆಲದ ಉದಾಹರಣೆಯಿಂದಲೇ ಹೇಳಬಹುದು. ಹೆಣ್ಣುಭ್ರೂಣ ಹತ್ಯೆ ತಡೆಯಲು 1994ರಲ್ಲಿ ನಾವು ಕಾಯ್ದೆ ತರಬೇಕಾಯಿತು. ಸ್ಕ್ಯಾನಿಂಗ್ ಮಾಡಿಸಿ ಗರ್ಭ ತೆಗೆಸಿದವರು ಆ ಮಗುವಿನ ಒಳಗಿನ ಗುರುತನ್ನು ಕೇಳಿರಲಿಲ್ಲ, ದೇಹ ನೋಡಿದ್ದರು. ಹೆಣ್ಣಿನ ಮೇಲಿನ ಅನ್ಯಾಯ ದೇಹದ ಮೇಲೆ ನಡೆಯುವಾಗ, ಕಾನೂನು ಆ ದೇಹವನ್ನು ಹೆಸರಿಟ್ಟು ಹೇಳಲಾರದೆ ಹೋದರೆ ರಕ್ಷಣೆ ಹೇಗೆ ಎಂದು ಇವರ ಪ್ರಶ್ನೆ. ಸುಮ್ನೆ ತಳ್ಳಿಹಾಕುವ ಪ್ರಶ್ನೆಯಲ್ಲ ಇದು.

ಟ್ರಾನ್ಸ್ ಜನರ ಕಡೆಯ ಮಾತಿಗೂ ಇದೇ ನೆಲದ ಇತಿಹಾಸ ಇದೆ. ಬ್ರಿಟಿಷರು 1871ರ ಅಪರಾಧಿ ಬುಡಕಟ್ಟು ಕಾಯ್ದೆಯಲ್ಲಿ ಹಿಜಡಾ ಸಮುದಾಯದವರ ಹೆಸರು ಬರೆದಿಡುವ, ಹೆಣ್ಣುಡುಗೆ ಉಟ್ಟು ಬೀದಿಯಲ್ಲಿ ಕಂಡರೆ ಬಂಧಿಸುವ ಅಧಿಕಾರ ಪೊಲೀಸರಿಗೆ ಕೊಟ್ಟಿದ್ದರು. ಅದೆಲ್ಲ ಹಳೆಯ ಮಾತು ಅಂದುಕೊಳ್ಳಬೇಡಿ. 2011ರಲ್ಲಿ ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಸೆಕ್ಷನ್ ಸೇರಿಸಿ, ಇವರ ಪಟ್ಟಿ ಇಟ್ಟುಕೊಂಡು ಕಣ್ಣಿಡುವ ಅಧಿಕಾರ ಕೊಡಲಾಯಿತು. ಸಮುದಾಯದವರು ಕೋರ್ಟಿಗೆ ಹೋದ ಮೇಲೆ ಆ ಸಮುದಾಯವನ್ನು ಹೆಸರಿಸುವ ಪದವನ್ನು ತೆಗೆದರು. ಸರಕಾರ ‘ನಿನ್ನ ದೇಹ ತೋರಿಸು’ ಎಂದಾಗ ಈ ಜನ ಬೆಚ್ಚಿಬೀಳುವುದಕ್ಕೆ ಕಾರಣ ಇದೆ, ಅಲ್ವಾ?

ದೇವರು ಮಾಡಿದ್ದು ಎರಡೇ ಎನ್ನುವ ಧಾರ್ಮಿಕ ನಂಬಿಕೆಯೂ ಜಗತ್ತಿನಾದ್ಯಂತ ಬಲವಾಗಿದೆ. ನಮ್ಮಲ್ಲಿ ಮಾತ್ರ ‘ಸಂಪ್ರದಾಯ’ ಎಂದಾಗ ಎಚ್ಚರ ಬೇಕು. ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಜೋಗಪ್ಪಂದಿರಿಗೆ ಸಂಪ್ರದಾಯವೇ ಜಾಗ ಕೊಟ್ಟಿದೆ. ಆ ಪರಂಪರೆಯ ಮಂಜಮ್ಮ ಜೋಗತಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಹಾಗಂತ ಸಂಪ್ರದಾಯ ಇವರನ್ನು ಚೆನ್ನಾಗಿ ನೋಡಿಕೊಂಡಿದೆ ಎಂದರೆ ಅದೂ ಸುಳ್ಳು. ಎಲ್ಲಮ್ಮನ ಬುಟ್ಟಿ ಅಡ್ಡಲಿಗೆ ಹಿಡಿದು ಬಂದರೆ ಕೈಮುಗಿಯುವ ಊರು, ಬಾಡಿಗೆಗೆ ಮನೆ ಕೇಳಿದರೆ ಬಾಗಿಲು ಹಾಕುತ್ತದೆ.

ಎರಡು ಕೋರ್ಟು, ಎರಡು ಪ್ರಶ್ನೆ

1970ರಲ್ಲಿ ಇಂಗ್ಲೆಂಡಿನ ಒಂದು ಕೋರ್ಟಿನ ಮುಂದೆ ವಿಚ್ಛೇದನದಂಥ ಕೇಸು ಬಂತು. ಹೆಂಡತಿ ಏಪ್ರಿಲ್ ಆಶ್ಲಿ, ಹೆಸರಾಂತ ಮಾಡೆಲ್, ಟ್ರಾನ್ಸ್ ಮಹಿಳೆ. ಮದುವೆಯೇ ಅಸಿಂಧು ಎಂದು ಗಂಡನ ವಾದ. ನ್ಯಾಯಮೂರ್ತಿ ಆರ್ಮ್ರಾಡ್ ಸ್ವತಃ ವೈದ್ಯಕೀಯ ಓದಿದವರು. ಕ್ರೋಮೋಸೋಮ್, ಜನನ ಗ್ರಂಥಿ, ಜನನಾಂಗ, ಈ ಮೂರೂ ಹುಟ್ಟಿನಲ್ಲಿ ಏನಿದ್ದವೋ ಅದೇ ಲಿಂಗ, ಆಪರೇಷನ್ನಿನಿಂದ ಬದಲಾಗಲ್ಲ ಎಂದು ತೀರ್ಪು ಕೊಟ್ಟರು. ಇಂಗ್ಲಿಷ್ ಕಾನೂನು ಹಬ್ಬಿದ ದೇಶಗಳಲ್ಲೆಲ್ಲ ಮುಂದಿನ ಮೂವತ್ತು ವರ್ಷ ಈ ತೀರ್ಪಿನ ನೆರಳು ಇತ್ತು.

ನಮ್ಮ 2014ರ ತೀರ್ಪು ನೇರವಾಗಿ ಮುಖಾಮುಖಿಯಾದದ್ದು ಇದಕ್ಕೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಹಾಕಿದ ಕೇಸು ಅದು. ಹಾಗಾಗಿ ಅದರ ಚುಟುಕು ಹೆಸರು ‘ನಾಲ್ಸಾ’ ತೀರ್ಪು. ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಜೈವಿಕ ಪರೀಕ್ಷೆಯನ್ನು ಬದಿಗಿಟ್ಟು, ಮನಸ್ಸಿನ ಗುರುತನ್ನು ಒಪ್ಪುತ್ತೇವೆ ಎಂದರು. ಅವರ ಮುಂದಿದ್ದ ಸಂಕಟ ಏನು ನೋಡಿ. ರೇಷನ್ ಕಾರ್ಡು, ಪಾಸ್‌ಪೋರ್ಟು, ಆಸ್ಪತ್ರೆಯ ವಾರ್ಡು, ಶಾಲೆಯ ಅರ್ಜಿ, ಎಲ್ಲ ಕಡೆ ಎರಡೇ ಚೌಕ. ಲಕ್ಷಗಟ್ಟಲೆ ಜನ ಅದರಲ್ಲಿ ಕೂರುವುದಿಲ್ಲ. 2011ರ ಜನಗಣತಿಯಲ್ಲಿ ‘ಇತರೆ’ ಎಂದು ಬರೆಸಿದವರೇ 4.87 ಲಕ್ಷ ಮಂದಿ. ಪ್ರಶ್ನೆ ಇದ್ದದ್ದು ಇವರು ಪ್ರಜೆಗಳು ಹೌದೋ ಅಲ್ಲವೋ ಎಂದು.

2019ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ಅದು ಜಾರಿಗೆ ಬಂದಾಗ ಇದ್ದ ರೂಪದಲ್ಲಿ ಒಂದು ಸೂಕ್ಷ್ಮ ಇತ್ತು. ‘ಟ್ರಾನ್ಸ್‌ಜೆಂಡರ್’ ಎಂಬ ಗುರುತಿನ ಪತ್ರ ಬೇಕಾದರೆ ಜಿಲ್ಲಾಧಿಕಾರಿಗೆ ಅರ್ಜಿ ಹಾಕಿದರೆ ಸಾಕಿತ್ತು, ದೈಹಿಕ ಪರೀಕ್ಷೆ ಬೇಕಿರಲಿಲ್ಲ. ಆದರೆ ಪತ್ರದಲ್ಲಿ ‘ಹೆಣ್ಣು’ ಅಥವಾ ‘ಗಂಡು’ ಎಂದೇ ಬರಬೇಕಾದರೆ ಆಪರೇಷನ್ ಆಗಿದೆ ಎಂದು ವೈದ್ಯರ ಪ್ರಮಾಣಪತ್ರ ಬೇಕಿತ್ತು. ನಾಲ್ಸಾ ಕೊಟ್ಟದ್ದನ್ನು ಕಾಯ್ದೆ ಕಿತ್ತುಕೊಂಡಿತು ಎಂದು ಸಮುದಾಯದವರು ಬೀದಿಗಿಳಿದದ್ದು ಇದೇ ಕಾರಣಕ್ಕೆ. ಮೂರನೆಯ ಚೌಕಕ್ಕೆ ಒಂದು ನಿಯಮ, ಹೆಣ್ಣು ಗಂಡು ಎಂಬ ಚೌಕಗಳಿಗೆ ಇನ್ನೊಂದು. ಈ ವ್ಯತ್ಯಾಸ ನೆನಪಿಟ್ಟುಕೊಂಡರೆ ಬ್ರಿಟನ್ನಿನ ಜಗಳ ಬೇಗ ಅರ್ಥವಾಗುತ್ತದೆ.

ನಮ್ಮಲ್ಲಿ ಕೋರ್ಟುಗಳು ಇನ್ನೂ ಎರಡು ಹೆಜ್ಜೆ ಇಟ್ಟವು. 2019ರ ಏಪ್ರಿಲಿನಲ್ಲಿ ಮದ್ರಾಸ್ ಹೈಕೋರ್ಟ್, ಹಿಂದೂ ವಿವಾಹ ಕಾಯ್ದೆಯ ‘ವಧು’ ಎಂಬ ಪದದೊಳಗೆ ಟ್ರಾನ್ಸ್ ಮಹಿಳೆಯೂ ಬರುತ್ತಾಳೆ ಎಂದಿತು. ಅದೇ ತೀರ್ಪಿನಲ್ಲಿ, ಅಂತರಲಿಂಗಿಯಾಗಿ ಹುಟ್ಟಿದ ಎಳೆಮಕ್ಕಳನ್ನು ‘ಸರಿಮಾಡುವ’ ಆಪರೇಷನ್ ನಿಲ್ಲಿಸಬೇಕು ಎಂದೂ ಹೇಳಿತು. ತಮಿಳುನಾಡು ಅದೇ ವರ್ಷ ಆದೇಶ ಹೊರಡಿಸಿತು. ಕರ್ನಾಟಕದಲ್ಲಿ ಸಂಗಮ ಸಂಸ್ಥೆ ಹೈಕೋರ್ಟಿಗೆ ಹೋಗಿ, 2021ರ ಜುಲೈನಲ್ಲಿ ಸರಕಾರಿ ನೌಕರಿಯಲ್ಲಿ ಶೇ 1ರ ಮೀಸಲಾತಿ ಬಂತು. ದೇಶದಲ್ಲೇ ಮೊದಲು. ಸಾಮಾನ್ಯ ವರ್ಗದಿಂದ ಎಸ್‌ಸಿ, ಎಸ್‌ಟಿವರೆಗೆ ಪ್ರತಿ ವಿಭಾಗದ ಒಳಗೂ ಇದು ಅನ್ವಯಿಸುತ್ತದೆ. ಗಮನಿಸಿ: ಮಹಿಳೆಯರ ಪಾಲಿನಿಂದ ತೆಗೆದು ಕೊಟ್ಟದ್ದಲ್ಲ, ಬೇರೆಯೇ ಪಾಲು. ಹಾಗಾಗಿ ಇಲ್ಲಿ ಮಹಿಳಾ ಸಂಘಟನೆಗಳಿಗೂ ಟ್ರಾನ್ಸ್ ಸಂಘಟನೆಗಳಿಗೂ ಮೀಸಲಾತಿ ವಿಷಯದಲ್ಲಿ ದೊಡ್ಡ ಕದನ ನಡೆಯಲಿಲ್ಲ.

ಸ್ಕಾಟ್ಲೆಂಡಿನಲ್ಲಿ ಆದದ್ದು ಇದಕ್ಕೆ ಉಲ್ಟಾ. ಸರಕಾರಿ ಮಂಡಳಿಗಳಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು ಎಂದು 2018ರಲ್ಲಿ ಅಲ್ಲಿ ಒಂದು ಕಾಯ್ದೆ ಬಂತು. 2004ರ ಬ್ರಿಟಿಷ್ ಕಾನೂನಿನಡಿ ‘ಹೆಣ್ಣು’ ಎಂದು ಪ್ರಮಾಣಪತ್ರ ಪಡೆದ ಟ್ರಾನ್ಸ್ ಮಹಿಳೆಯರನ್ನೂ ಈ ಅರ್ಧದಲ್ಲಿ ಎಣಿಸಬಹುದು ಎಂದು ಸರಕಾರ ಹೇಳಿತು. ‘ಫಾರ್ ವಿಮೆನ್ ಸ್ಕಾಟ್ಲೆಂಡ್’ ಎಂಬ ಮಹಿಳಾ ಗುಂಪು ಕೋರ್ಟಿಗೆ ಹೋಯಿತು. ಬಸಿರು, ಬಾಣಂತನ, ಹೆಂಗಸರಿಗೆ ಮೀಸಲಾದ ಜಾಗ, ಹೀಗೆ ಸಮಾನತೆ ಕಾಯ್ದೆಯ ಎಲ್ಲ ಕಲಮುಗಳನ್ನು ಒಟ್ಟಿಗೆ ಓದಿದರೆ ದೇಹದ ಅರ್ಥವೊಂದೇ ಹೊಂದುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಇದನ್ನು ಒಂದು ಗುಂಪಿನ ಗೆಲುವು, ಇನ್ನೊಂದರ ಸೋಲು ಎಂದು ಓದಬೇಡಿ, ಟ್ರಾನ್ಸ್ ಜನರ ಮೇಲಿನ ತಾರತಮ್ಯ ಬೇರೆ ಕಲಮಿನಡಿ ಈಗಲೂ ಕಾನೂನುಬಾಹಿರವೇ ಸರಿ ಎಂಬರ್ಥದ ಮಾತನ್ನೂ ಸೇರಿಸಿತು. ಯಾರೂ ಹಾಗೆ ಓದಲಿಲ್ಲ ಅನ್ನಿ. ಒಂದು ಕಡೆ ಶಾಂಪೇನ್ ಬಾಟಲಿ ತೆರೆದರು. ಇನ್ನೊಂದು ಕಡೆ, ಇಪ್ಪತ್ತು ವರ್ಷ ಹೆಣ್ಣಾಗಿ ಬದುಕಿದವರು ‘ಹಾಗಾದರೆ ನಮ್ಮ ಪ್ರಮಾಣಪತ್ರಕ್ಕೆ ಏನು ಬೆಲೆ, ನಾಳೆ ಯಾವ ಟಾಯ್ಲೆಟ್ಟಿಗೆ ಹೋಗಲಿ?’ ಎಂದು ಕೇಳಿದರು. ಆ ಪ್ರಶ್ನೆಗೆ ತೀರ್ಪಿನಲ್ಲಿ ಸಮಾಧಾನದ ಉತ್ತರ ಇಲ್ಲ ಎಂದೇ ನನ್ನ ಅಭಿಪ್ರಾಯ.

ಅದೇ ಬ್ರಿಟನ್ನಿನಲ್ಲಿ 2021ರ ಇನ್ನೊಂದು ತೀರ್ಪು ಅಷ್ಟು ಸದ್ದು ಮಾಡದಿದ್ದರೂ ಮುಖ್ಯ. ‘ದೇಹದ ಲಿಂಗ ಬದಲಾಗುವುದಿಲ್ಲ’ ಎಂದು ನಂಬುವುದು ಒಂದು ನಂಬಿಕೆ, ಅದನ್ನು ಇಟ್ಟುಕೊಂಡಿದ್ದಕ್ಕೆ ಕೆಲಸದಲ್ಲಿ ತಾರತಮ್ಯ ಮಾಡಬಾರದು ಎಂದು ಅಲ್ಲಿನ ಉದ್ಯೋಗ ಮೇಲ್ಮನವಿ ನ್ಯಾಯಮಂಡಳಿ ಹೇಳಿತು. ಆದರೆ ಅದೇ ನಂಬಿಕೆಯ ನೆಪದಲ್ಲಿ ಎದುರಿಗಿರುವ ಟ್ರಾನ್ಸ್ ಸಹೋದ್ಯೋಗಿಯನ್ನು ಬೇಕಂತಲೇ ಹೀಯಾಳಿಸುವ ಪರವಾನಗಿ ಇದಲ್ಲ ಎಂದೂ ಹೇಳಿತು. ಇಷ್ಟು ಮಟ್ಟಿಗಾದರೂ ಎರಡೂ ಕಡೆಯವರು ಒಪ್ಪಬಹುದು ಅನ್ನಿಸುತ್ತದೆ.

ಮಕ್ಕಳ ಚಿಕಿತ್ಸೆಯ ವಿಷಯ ಬೇರೆಯೇ ಲೇಖನ ಬೇಡುತ್ತದೆ. ಇಲ್ಲಿ ಒಂದೇ ಮಾತು. ಹದಿಹರೆಯವನ್ನು ತಡೆಹಿಡಿಯುವ ಔಷಧಿಗಳ ಬಗ್ಗೆ ಇಂಗ್ಲೆಂಡಿನ ಮಕ್ಕಳ ವೈದ್ಯೆ ಹಿಲರಿ ಕ್ಯಾಸ್ 2024ರ ಏಪ್ರಿಲಿನಲ್ಲಿ ಕೊಟ್ಟ ವರದಿ, ಸಾಕ್ಷ್ಯ ದುರ್ಬಲವಾಗಿದೆ ಎಂದಿತು. ಅಮೆರಿಕದ ಹಲವು ವೈದ್ಯರ ಸಂಘಗಳು ಈ ಚಿಕಿತ್ಸೆಯ ಪರವೇ ನಿಂತಿದ್ದವು. ಇಂಥ ಚಿಕಿತ್ಸೆಯನ್ನು ಮಕ್ಕಳಿಗೆ ನಿಷೇಧಿಸಿದ ಟೆನೆಸ್ಸಿ ರಾಜ್ಯದ ಕಾನೂನನ್ನು 2025ರ ಜೂನಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6-3ರಲ್ಲಿ ಎತ್ತಿಹಿಡಿಯಿತು. ಇಲ್ಲಿನ ವಾದ ಗುರುತಿನದ್ದಕ್ಕಿಂತ ಔಷಧಿಯದ್ದು. ಯಾವ ವಯಸ್ಸಿಗೆ, ಎಷ್ಟು ಸಾಕ್ಷ್ಯದ ಮೇಲೆ, ಯಾರ ಒಪ್ಪಿಗೆಯಿಂದ ಎಂಬುದು.

ಮೈದಾನದಲ್ಲಿ ಏಕೆ ಬಗೆಹರಿಯುವುದಿಲ್ಲ

ಈಗ ಕಷ್ಟದ ಅರ್ಧಕ್ಕೆ ಬರೋಣ. 100 ಮೀಟರ್ ಓಟದಲ್ಲಿ ಪುರುಷರ ವಿಶ್ವದಾಖಲೆ 9.58 ಸೆಕೆಂಡ್, ಮಹಿಳೆಯರದ್ದು 10.49. ಅಂತರ ಶೇ 9ಕ್ಕಿಂತ ಜಾಸ್ತಿ. ಹತ್ತನೇ ಒಂದು ಸೆಕೆಂಡಿಗೆ ಪದಕ ತಪ್ಪುವ ಆಟದಲ್ಲಿ ಇದು ಕಂದರ. ಪ್ರಾಯಕ್ಕೆ ಬರುವ ಮೊದಲು ಹುಡುಗ ಹುಡುಗಿಯರ ನಡುವೆ ಇಷ್ಟು ಅಂತರ ಇರುವುದಿಲ್ಲ. ಟೆಸ್ಟೋಸ್ಟೆರಾನ್ ಏರಿದ ಮೇಲೆ ಎತ್ತರ, ಮೂಳೆ, ಸ್ನಾಯು, ರಕ್ತದ ಹಿಮೋಗ್ಲೋಬಿನ್ ಎಲ್ಲ ಬದಲಾಗುತ್ತವೆ. ಮಹಿಳೆಯರಿಗೆ ಬೇರೆ ವಿಭಾಗ ಇರುವುದೇ ಈ ಕಾರಣಕ್ಕೆ. ಅಂದಮೇಲೆ ಆ ಬಾಗಿಲಲ್ಲಿ ಕೇಳಬೇಕಾದ ಪ್ರಶ್ನೆ ದೇಹದ್ದೇ. ಇದನ್ನು ಒಪ್ಪದೆ ಮುಂದೆ ಹೋಗಲು ನನಗೆ ದಾರಿ ಕಾಣುವುದಿಲ್ಲ.

ಟ್ರಾನ್ಸ್ ಮಹಿಳೆಯರ ವಿಷಯದಲ್ಲಿ ವಾದ ಇರುವುದು, ಔಷಧಿಯಿಂದ ಟೆಸ್ಟೋಸ್ಟೆರಾನ್ ಇಳಿಸಿದರೆ ಆ ಅನುಕೂಲ ಹೋಗುತ್ತದೆಯೇ ಎಂಬುದರ ಮೇಲೆ. ಅಮೆರಿಕದ ವಾಯುಪಡೆಯ ಸಿಬ್ಬಂದಿಯ ದಾಖಲೆಗಳನ್ನು ನೋಡಿದ 2020ರ ಒಂದು ಅಧ್ಯಯನದಲ್ಲಿ, ಪುಷ್‌ಅಪ್ ಥರದ ಕಸರತ್ತಿನಲ್ಲಿ ಎರಡು ವರ್ಷಕ್ಕೆ ಅಂತರ ಅಳಿಸಿತ್ತು. ಓಟದಲ್ಲಿ ಮಾತ್ರ ಟ್ರಾನ್ಸ್ ಮಹಿಳೆಯರು ಇನ್ನೂ ಶೇ 12ರಷ್ಟು ಮುಂದಿದ್ದರು. ಇವರು ಕ್ರೀಡಾಪಟುಗಳಲ್ಲ, ಸೈನಿಕರು, ಸಂಖ್ಯೆಯೂ ಕಡಿಮೆ ಎಂದು ಎದುರು ಕಡೆಯವರು ಹೇಳುತ್ತಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನ್ಯೂಜಿಲೆಂಡಿನ ಟ್ರಾನ್ಸ್ ಮಹಿಳೆ ಲಾರೆಲ್ ಹಬಾರ್ಡ್ ಭಾರ ಎತ್ತಲು ಬಂದಾಗ ಜಗತ್ತೇ ಕಣ್ಣಿಟ್ಟಿತ್ತು. ಮೂರೂ ಪ್ರಯತ್ನ ವಿಫಲ, ಪದಕ ಇಲ್ಲ. 2023ರ ಮಾರ್ಚಿನಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ, ಗಂಡಾಗಿ ಪ್ರಾಯಕ್ಕೆ ಬಂದ ಟ್ರಾನ್ಸ್ ಮಹಿಳೆಯರಿಗೆ ಮಹಿಳಾ ವಿಭಾಗದ ಬಾಗಿಲು ಹಾಕಿತು.

ಆದರೆ ಕ್ರೀಡೆಯಲ್ಲಿ ನಿಜವಾಗಿ ಮನೆಗೆ ಹೋದವರಲ್ಲಿ ಹೆಚ್ಚಿನವರು ಟ್ರಾನ್ಸ್ ಅಲ್ಲ. ಹೆಣ್ಣಾಗಿ ಹುಟ್ಟಿದ್ದೇವೆ ಅಂತಲೇ ನಂಬಿ ಬೆಳೆದ ಹುಡುಗಿಯರು. ನಮ್ಮ ಪಕ್ಕದ ತಮಿಳುನಾಡಿನ ಓಟಗಾರ್ತಿ ಶಾಂತಿ ಸೌಂದರರಾಜನ್ ಇದ್ದಾರಲ್ಲ, ಪುದುಕೋಟೆ ಜಿಲ್ಲೆಯ ಬಡ ದಲಿತ ಕುಟುಂಬದವರು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 800 ಮೀಟರ್ ಬೆಳ್ಳಿ ಗೆದ್ದರು. ಲಿಂಗ ಪರೀಕ್ಷೆಯಲ್ಲಿ ಫೇಲ್ ಎಂದು ಪದಕ ಕಿತ್ತುಕೊಂಡರು. ಸುದ್ದಿ ಊರಿಗೆಲ್ಲ ಹರಡಿತು. ಮುಂದೆ ಅವರು ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡಿದ್ದು ಪೇಪರುಗಳಲ್ಲಿ ಬಂದಿತ್ತು. ಈ ಹೆಣ್ಣುಮಗಳು ಯಾವ ಗುರುತನ್ನೂ ಬದಲಿಸಿರಲಿಲ್ಲ, ಯಾರಿಗೂ ಮೋಸ ಮಾಡಿರಲಿಲ್ಲ.

ಒಡಿಶಾದ ಓಟಗಾರ್ತಿ ದ್ಯುತಿ ಚಂದ್ ಬಿಡಲಿಲ್ಲ. ಟೆಸ್ಟೋಸ್ಟೆರಾನ್ ಹೆಚ್ಚಿದೆ ಎಂದು 2014ರಲ್ಲಿ ಕಾಮನ್‌ವೆಲ್ತ್ ಗೇಮ್ಸ್ ತಂಡದಿಂದ ಕೈಬಿಟ್ಟಾಗ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಗೆ ಹೋದರು. ಸಹಜವಾಗಿ ಟೆಸ್ಟೋಸ್ಟೆರಾನ್ ಹೆಚ್ಚಿರುವ ಮಹಿಳೆಗೆ ಎಷ್ಟು ಅನುಕೂಲ ಸಿಗುತ್ತದೆ ಎಂದು ಮೊದಲು ತೋರಿಸಿ ಎಂದು 2015ರಲ್ಲಿ ನ್ಯಾಯಮಂಡಳಿ, ಟೆಸ್ಟೋಸ್ಟೆರಾನಿಗೆ ಮಿತಿ ಹಾಕಿದ್ದ ನಿಯಮವನ್ನೇ ತಡೆಹಿಡಿಯಿತು. ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2018ರಲ್ಲಿ ಹೊಸ ನಿಯಮ ತಂದಿತು, 400 ಮೀಟರಿನಿಂದ ಒಂದು ಮೈಲಿವರೆಗಿನ ಓಟಗಳಿಗೆ ಮಾತ್ರ. ದ್ಯುತಿ 100 ಮತ್ತು 200 ಮೀಟರ್ ಓಡುವವರು, ಪಾರಾದರು. ದಕ್ಷಿಣ ಆಫ್ರಿಕಾದ ಕಾಸ್ಟರ್ ಸೆಮೆನ್ಯಾ 800 ಮೀಟರಿನವರು, ಸಿಕ್ಕಿಬಿದ್ದರು. 2019ರಲ್ಲಿ ಅವರ ಕೇಸಿನಲ್ಲಿ ನ್ಯಾಯಮಂಡಳಿ ಹೇಳಿದ್ದು ವಿಚಿತ್ರವಾಗಿದೆ. ಈ ನಿಯಮ ತಾರತಮ್ಯದ್ದು ಹೌದು, ಆದರೂ ಮಹಿಳಾ ವಿಭಾಗ ಉಳಿಯಬೇಕಾದರೆ ಇಂಥ ತಾರತಮ್ಯ ಬೇಕು. ಮೂವರಲ್ಲಿ ಇಬ್ಬರ ಮತ ಅದು. ಸೆಮೆನ್ಯಾ ಔಷಧಿ ತೆಗೆದುಕೊಂಡು ಓಡಲು ಒಪ್ಪಲಿಲ್ಲ. 2025ರ ಜುಲೈನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಸ್ವಿಸ್ ಕೋರ್ಟಿನಲ್ಲಿ ಅವರಿಗೆ ನ್ಯಾಯಯುತ ವಿಚಾರಣೆ ಸಿಗಲಿಲ್ಲ ಎಂದಿತು. ನಿಯಮ ಸರಿಯೇ ತಪ್ಪೇ ಎಂದು ಹೇಳಲು ಹೋಗಲಿಲ್ಲ.

2024ರ ಪ್ಯಾರಿಸ್ ಬಾಕ್ಸಿಂಗ್ ಗಲಾಟೆ ನೆನಪಿರಬಹುದು. ಅಲ್ಜೀರಿಯಾದ ಇಮಾನೆ ಖಲೀಫ್ ಮತ್ತು ತೈವಾನಿನ ಲಿನ್ ಯು-ಟಿಂಗ್ ಚಿನ್ನ ಗೆದ್ದರು. ‘ಗಂಡಸರು ಹೆಂಗಸರನ್ನು ಹೊಡೆಯುತ್ತಿದ್ದಾರೆ’ ಎಂದು ಸೋಶಿಯಲ್ ಮೀಡಿಯಾ ಕೂಗಿತು. ಟ್ರಾನ್ಸ್ ಎಂದೂ ಬರೆದರು. ಇಬ್ಬರೂ ಟ್ರಾನ್ಸ್ ಅಲ್ಲ, ಹೆಣ್ಣುಮಕ್ಕಳಾಗಿಯೇ ಬೆಳೆದವರು. ಹಿಂದಿನ ವರ್ಷ ದೆಹಲಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಸಂಸ್ಥೆ ಇವರನ್ನು ಪರೀಕ್ಷೆಯ ಕಾರಣ ಕೊಟ್ಟು ಹೊರಹಾಕಿತ್ತು. ಆ ಸಂಸ್ಥೆಯ ಮಾನ್ಯತೆಯನ್ನೇ ರದ್ದು ಮಾಡಿದ್ದ ಒಲಿಂಪಿಕ್ ಸಮಿತಿ, ಪಾಸ್‌ಪೋರ್ಟಿನಲ್ಲಿ ಹೆಣ್ಣು ಎಂದಿದ್ದರೆ ಸಾಕು ಎಂದಿತು. ಟ್ರಾನ್ಸ್ ಜನರ ಮೇಲಿನ ಸಿಟ್ಟೆಲ್ಲ ಟ್ರಾನ್ಸ್ ಅಲ್ಲದ ಇಬ್ಬರ ಮೇಲೆ ಸುರಿಯಿತು. ಆರಂಭದಲ್ಲಿ ದುಬಾರಿ ತಪ್ಪು ಅಂದದ್ದು ಇದಕ್ಕೆ.

ಹಾಗಾದರೆ ಒಂದು ಜೀನ್ ಪರೀಕ್ಷೆ ಮಾಡಿ ಮುಗಿಸಬಾರದೇ? ಈ ಪ್ರಯೋಗ ಹಳೆಯದು. 1968ರ ಒಲಿಂಪಿಕ್ಸ್‌ನಿಂದಲೇ ಕ್ರೋಮೋಸೋಮ್ ಪರೀಕ್ಷೆ ಇತ್ತು. ಸ್ಪೇನಿನ ಹರ್ಡಲ್ಸ್ ಓಟಗಾರ್ತಿ ಮರಿಯಾ ಹೋಸೆ ಮಾರ್ಟಿನೆಸ್ ಪಟಿನ್ಯೊ 1985ರಲ್ಲಿ ಅದರಲ್ಲಿ ಸಿಕ್ಕಿಬಿದ್ದು ಎಲ್ಲ ಕಳೆದುಕೊಂಡರು. ಅವರ ದೇಹ ಟೆಸ್ಟೋಸ್ಟೆರಾನಿಗೆ ಓಗೊಡುತ್ತಲೇ ಇರಲಿಲ್ಲ, ಅಂದರೆ ಅನುಕೂಲದ ಮಾತೇ ಇರಲಿಲ್ಲ. ಮೂರು ವರ್ಷ ಹೋರಾಡಿ ಗೆದ್ದರು. 1996ರ ಅಟ್ಲಾಂಟಾದಲ್ಲಿ 3387 ಮಹಿಳೆಯರ ಪರೀಕ್ಷೆ ನಡೆದು ಎಂಟು ಮಂದಿಯಲ್ಲಿ ಎಸ್‌ಆರ್‌ವೈ ಕಂಡಿತು. ಎಂಟೂ ಮಂದಿಗೆ ಆಡಲು ಬಿಟ್ಟರು. 1999ರಲ್ಲಿ ಪರೀಕ್ಷೆಯನ್ನೇ ನಿಲ್ಲಿಸಿದರು.

2025ರ ಸೆಪ್ಟೆಂಬರ್ 1ರಿಂದ ಅದೇ ಎಸ್‌ಆರ್‌ವೈ ಪರೀಕ್ಷೆ ವಾಪಸ್ ಬಂದಿದೆ. ವಿಶ್ವ ಅಥ್ಲೆಟಿಕ್ಸ್ ಕೂಟಗಳಲ್ಲಿ ಮಹಿಳಾ ವಿಭಾಗಕ್ಕೆ ಇಳಿಯಬೇಕಾದರೆ ಜೀವನದಲ್ಲಿ ಒಂದು ಸಲ ಕೆನ್ನೆಯ ಒಳಗಿನ ಸ್ವಾಬ್ ಅಥವಾ ರಕ್ತ ಕೊಡಬೇಕು. ಇದರ ಪರ ಇರುವವರು ಹೇಳುವುದು: ಪರೀಕ್ಷೆ ಸರಳ, ಬಟ್ಟೆ ಬಿಚ್ಚಿಸುವ ಹಳೆಯ ಅವಮಾನ ಇಲ್ಲ, ಎಲ್ಲರಿಗೂ ಒಂದೇ ನಿಯಮ, ಯಾರ ಮೇಲೂ ಗುಸುಗುಸು ಇಲ್ಲ. ಗಂಡುರೂಪಿ ಅಂತ ಕಂಡವರನ್ನಷ್ಟೇ ಹಿಡಿದು ಪರೀಕ್ಷಿಸುವುದಕ್ಕಿಂತ ಇದು ವಾಸಿ ಎಂಬ ಮಾತಿನಲ್ಲಿ ಹುರುಳಿದೆ. ವಿರೋಧಿಸಿದವರಲ್ಲಿ ಒಬ್ಬರು ಆಂಡ್ರ್ಯೂ ಸಿಂಕ್ಲೇರ್. 1990ರಲ್ಲಿ ಎಸ್‌ಆರ್‌ವೈ ಜೀನನ್ನು ಪತ್ತೆಮಾಡಿದವರು ಇವರೇ. ಜೀನ್ ಇದೆಯೋ ಇಲ್ಲವೋ ಎಂದಷ್ಟೇ ಈ ಪರೀಕ್ಷೆ ಹೇಳುತ್ತದೆ, ಅದು ಕೆಲಸ ಮಾಡುತ್ತಿದೆಯೋ, ದೇಹ ಟೆಸ್ಟೋಸ್ಟೆರಾನನ್ನು ಬಳಸುತ್ತಿದೆಯೋ ಎಂದು ಹೇಳುವುದಿಲ್ಲ ಎಂಬುದು ಅವರ ಆಕ್ಷೇಪ. ಸಂಸ್ಥೆಗೂ ಇದು ಗೊತ್ತು. ಪಟಿನ್ಯೊ ಅವರಂಥ ದೇಹದವರಿಗೆ ನಿಯಮದಲ್ಲೇ ವಿನಾಯಿತಿ ಇಟ್ಟಿದೆ.

ಕಾಗದದ ಮೇಲಿನ ವಿನಾಯಿತಿ ಒಬ್ಬ ಹುಡುಗಿಗೆ ಸಿಗಬೇಕಾದರೆ ಜೀನ್ ಪರೀಕ್ಷೆಯ ನಂತರ ಹಾರ್ಮೋನ್ ಪರೀಕ್ಷೆ, ಸ್ಕ್ಯಾನಿಂಗ್, ತಜ್ಞ ವೈದ್ಯರು ಎಲ್ಲ ಬೇಕು. ಫ್ರಾನ್ಸಿನಲ್ಲಿ ಇಂಥ ಜೀನ್ ಪರೀಕ್ಷೆಗೆ ಕಾನೂನಿನ ಅಡ್ಡಿ ಇದ್ದುದರಿಂದ 2025ರ ಟೋಕಿಯೊ ವಿಶ್ವ ಅಥ್ಲೆಟಿಕ್ಸ್ ಕೂಟಕ್ಕೆ ಹೊರಟ ಅಲ್ಲಿನ ಕ್ರೀಡಾಪಟುಗಳು ಬೇರೆ ದೇಶದಲ್ಲಿ ಮಾಡಿಸಬೇಕಾಯಿತು. ಅವರಿಗೆ ಹಿಂದೆ ಫೆಡರೇಷನ್ ಇತ್ತು, ದುಡ್ಡು ಇತ್ತು. ಪುದುಕೋಟೆಯಿಂದಲೋ ರಾಯಚೂರಿನಿಂದಲೋ ಮೇಲೆ ಬರುವ ಹುಡುಗಿಗೆ ಹದಿನೆಂಟನೇ ವಯಸ್ಸಿನಲ್ಲಿ ಒಂದು ರಿಪೋರ್ಟ್ ಕೈಗೆ ಬಂದರೆ, ಅದನ್ನು ಕೂರಿಸಿ ವಿವರಿಸುವ ಡಾಕ್ಟರು ಯಾರು, ಮುಂದಿನ ಪರೀಕ್ಷೆಗಳ ಖರ್ಚು ಯಾರದ್ದು, ರಿಪೋರ್ಟ್ ಪತ್ರಕರ್ತರ ಕೈಸೇರದಂತೆ ನೋಡಿಕೊಳ್ಳುವವರು ಯಾರು? ದೇಹವೋ ಗುರುತೋ ಎಂಬ ಚರ್ಚೆಯಲ್ಲಿ ಈ ಮೂರು ಪ್ರಶ್ನೆ ಕೇಳುವವರು ಕಡಿಮೆ. ಶಾಂತಿಯವರ ವಿಷಯದಲ್ಲಂತೂ ಯಾರೂ ಕೇಳಿದ ಹಾಗೆ ಕಾಣಲಿಲ್ಲ.